ಜಂಟಿಯೋ, ಬೇರೆ ಬೇರೆಯೋ: ಭೀಮಿಲಿಯ ದಂಪತಿ ಮತ್ತು ನನ್ನ ಹೊಟ್ಟೆಕಿಚ್ಚು

ನನ್ನ ತಮ್ಮನ ಮಗಳು ಶ್ರುತಿ ಹೊಸಪೇಟೆಯಲ್ಲಿ ಓದು ಮುಗಿಸಿ ಒಂದು ಆಡಿಟರ್ ಆಫೀಸಿಗೆ ಸೇರಿದ್ದಾಳೆ. ಅಮೆರಿಕದವರ ತೆರಿಗೆ ರಿಟರ್ನ್ ತಯಾರಿಸುವ ಕೆಲಸ. ಸೇರಿದ ಎರಡನೇ ವಾರಕ್ಕೆ ಫೋನ್ ಮಾಡಿದಳು. "ಅತ್ತೆ, ಗಂಡ ಅಮೆರಿಕದವನು, ಹೆಂಡತಿ ನಮ್ಮವಳು. ಫಾರಂ ಮೇಲ್ಗಡೆ ಯಾವ ಬಾಕ್ಸಿಗೆ ಟಿಕ್ ಹಾಕ್ಬೇಕು?" ಐದು ನಿಮಿಷದಲ್ಲಿ ಹೇಳಿದೆ. ಅವಳು ಬರೆದುಕೊಂಡು ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ಅದೇ ಬಾಕ್ಸಿನಲ್ಲಿ ನಾನು ಹೇಗೆ ಮುಗ್ಗರಿಸಿದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಕೆಲಸ ಕಲಿಯುವವರಿಗೆ ಬೇಕಾದದ್ದು ಅದೇ ಅಲ್ಲವೇ ಅನ್ನಿಸಿ ಬರೆಯಲು ಕೂತಿದ್ದೇನೆ.

ಮದುವೆಯಾಗಿ ನಾನು ವಿಶಾಖಪಟ್ಟಣಕ್ಕೆ ಬಂದೆ. ನಮ್ಮವರ ಮನೆತನ ಮೂರು ತಲೆಮಾರಿನಿಂದ ಇಲ್ಲೇ ಇರುವ ಕನ್ನಡದವರದು. ನಮ್ಮತ್ತೆ ಕನ್ನಡದಲ್ಲಿ ಶುರುಮಾಡಿದ ಮಾತು ತೆಲುಗಿನಲ್ಲಿ ಮುಗಿಯುತ್ತಿತ್ತು. ಬಂದ ಮರುವರ್ಷ ಪ್ರಸಾದರಾವ್ ಸರ್ ಅವರ ಆಡಿಟರ್ ಆಫೀಸಿಗೆ ಸೇರಿದೆ. ಮೊದಲು ಕಾರ್ಬನ್ ಹಾಳೆ ಇಟ್ಟು ಟೈಪ್ ಮಾಡುತ್ತಿದ್ದೆವು. ಒಂದಕ್ಷರ ತಪ್ಪಿದರೆ ನಾಲ್ಕು ಪ್ರತಿಯಲ್ಲೂ ಬಿಳಿ ಮಸಿ ಬಳಿಯಬೇಕು. ಆಮೇಲೆ ಕಂಪ್ಯೂಟರ್ ಬಂತು. ಸರ್ ಅಮೆರಿಕದ ಪರವಾನಗಿ ಪರೀಕ್ಷೆ ಪಾಸು ಮಾಡಿ ಅಲ್ಲಿನವರ ರಿಟರ್ನ್‌ಗಳನ್ನೂ ತೆಗೆದುಕೊಳ್ಳತೊಡಗಿದರು. ಬಂದರಿಗೆ ಬಂದು ಇಲ್ಲೇ ನಿಂತವರು, ಇಲ್ಲಿಯವರನ್ನು ಮದುವೆಯಾದವರು, ಅಂಥವರೆಲ್ಲ ನಮ್ಮ ಮೆಟ್ಟಿಲು ಹತ್ತಿದರು. ನಾನು ಯಾವಾಗ ಸೀನಿಯರ್ ಆದೆ, ಸಂಬಳ ಯಾವಾಗ ಏರಿತು ಅನ್ನುವುದನ್ನು ಬಿಡುತ್ತೇನೆ. ಆಫೀಸಿನ ಮಾತುಕತೆಯೆಲ್ಲ ತೆಲುಗಿನಲ್ಲಿ ನಡೆಯುತ್ತಿತ್ತು. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮದುವೆಯಾದ ಅಮೆರಿಕದವರು ರಿಟರ್ನ್ ಹಾಕುವಾಗ ಗಂಡ ಹೆಂಡತಿ ಸೇರಿ ಒಂದೇ ಹಾಕಬಹುದು, ಅದು ಜಂಟಿ. ಇಲ್ಲವೇ ಬೇರೆ ಬೇರೆ. ಸಂಗಾತಿ ಬೇರೆ ದೇಶದವರಾಗಿದ್ದು ಅಮೆರಿಕದಲ್ಲಿ ವಾಸವಿಲ್ಲದಿದ್ದರೆ ಜಂಟಿ ತಾನಾಗಿ ಸಿಗುವುದಿಲ್ಲ. "ಇವರನ್ನೂ ನಿಮ್ಮ ನಿವಾಸಿಯೆಂದೇ ತಿಳಿಯಿರಿ" ಎಂದು ಇಬ್ಬರೂ ಸಹಿ ಮಾಡಿ ಬರೆದುಕೊಡಬೇಕು. ಹಾಗೆ ಮಾಡಿದರೆ ತೆರಿಗೆ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಆ ಸಂಗಾತಿ ಜಗತ್ತಿನ ಯಾವ ಮೂಲೆಯಲ್ಲಿ ಏನು ಗಳಿಸಿದರೂ ಅಂದಿನಿಂದ ಅಮೆರಿಕದ ಲೆಕ್ಕಕ್ಕೆ ಬಂತು. ಬರೆದುಕೊಟ್ಟದ್ದನ್ನು ವಾಪಸ್ ಪಡೆಯಬಹುದು, ಆದರೆ ಒಂದೇ ಸಲ. ಪಡೆದ ಮೇಲೆ ಆ ಇಬ್ಬರಿಗೂ ಜನ್ಮದಲ್ಲಿ ಮತ್ತೆ ಆ ಅವಕಾಶವಿಲ್ಲ.

ಇಷ್ಟು ಗೊತ್ತಾಗುವ ಮೊದಲೇ ನಾನೊಂದು ತಪ್ಪು ಮಾಡಿದ್ದೆ. ಒಬ್ಬ ಹಡಗಿನ ಎಂಜಿನಿಯರ್, ಅಮೆರಿಕದವನು. ಹೆಂಡತಿ ವಿಜಯನಗರಂನವಳು, ಅಮೆರಿಕದ ಮುಖ ನೋಡಿದವಳಲ್ಲ, ಅಲ್ಲಿನ ತೆರಿಗೆ ನಂಬರೂ ಇರಲಿಲ್ಲ. ಅವಳ ಸುದ್ದಿಯೇ ಬೇಡ ಅಂದುಕೊಂಡು ನಾನು ಅವನನ್ನು ಅವಿವಾಹಿತ ಎಂದು ಟಿಕ್ ಮಾಡಿದೆ. ಆಗ ತಾನೇ ಸೇರಿದ್ದ ಪದ್ಮಜಾ ಅದನ್ನು ತಾಳೆ ನೋಡುತ್ತಿದ್ದವಳು ಹಾಲ್‌ನ ಮಧ್ಯದಿಂದ ಕೂಗಿ ಕೇಳಿದಳು: "ಅಕ್ಕಾ, ಇವರಿಗೆ ಮದುವೆ ಆಗಿದೆಯಲ್ಲಾ?"

ಎಲ್ಲರೂ ತಿರುಗಿ ನೋಡಿದರು. ಸರ್ ಕ್ಯಾಬಿನ್ನಿನಿಂದ ಹೊರಗೆ ಬಂದು ಫಾರಂ ನೋಡಿ ನನ್ನತ್ತ ತಿರುಗಿ ನಕ್ಕರು. "ಸರಳಗಾರು, ವಿಜಯನಗರಂನಲ್ಲಿ ತಾಳಿ ಕಟ್ಟಿದರೂ ಅದು ತಾಳಿಯೇ."

ಎಲ್ಲರ ಜತೆ ನಾನೂ ನಕ್ಕೆ. ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಆ ದಿನವೇ.

ಪದ್ಮಜಾ ವಿಜಯವಾಡದವಳು, ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಡಬ್ಬಿಯ ಜೋಳದ ರೊಟ್ಟಿ ಕೇಳಿ ತಿನ್ನುತ್ತಿದ್ದಳು, ಕನ್ನಡ ಕಲಿಸಿ ಅನ್ನುತ್ತಿದ್ದಳು. ನಾನು ಫಾರಂ ತುಂಬುವುದರಲ್ಲಿ ಚುರುಕು. ನನ್ನ ಕಾಗದದಲ್ಲಿ ಒಂದು ಗೀಟು ಆಚೀಚೆ ಇರುತ್ತಿರಲಿಲ್ಲ. ಅವಳು ನಿಧಾನ. ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಕಂಪ್ಯೂಟರ್ ಮುಚ್ಚಿಟ್ಟು, ಮನೆಯಲ್ಲಿ ಯಾರ್‍ಯಾರಿದ್ದೀರಿ, ಊರಲ್ಲಿ ಏನಿದೆ, ಮುಂದಿನ ವರ್ಷ ಏನು ಮಾಡಬೇಕು ಅಂದುಕೊಂಡಿದ್ದೀರಿ ಎಂದು ಕೇಳುತ್ತ ಕೂರುವಳು. ನನಗೆ ಅದು ಹರಟೆಯಂತೆ ಕಾಣುತ್ತಿತ್ತು. ಆದರೆ ಬಂದವರು ಬಾಗಿಲಲ್ಲೇ ಕೇಳುತ್ತಿದ್ದರು: "ಪದ್ಮಜಾ ಮೇಡಂ ಇದ್ದಾರಾ?" ನಾನು ಬಾಗಿಲಿಗೆ ಹತ್ತಿರದ ಮೇಜಿನವಳು. ದಿನಕ್ಕೆ ನಾಲ್ಕು ಸಲ "ಒಳಗಿದ್ದಾರೆ" ಅನ್ನುವುದು ನನ್ನ ಪಾಲಿಗೆ ಬಂತು.

ಸರ್ ವಿಜಯವಾಡದಲ್ಲಿ ಶಾಖೆ ತೆರೆದಾಗ ಅದನ್ನು ಅವಳ ಕೈಗೆ ಕೊಟ್ಟರು. ಬಡ್ತಿಯ ಮಾತು ಬೇಡ ಅಂದುಕೊಂಡೇ ಶುರು ಮಾಡಿದ್ದೆ, ಆದರೂ ಇದೊಂದನ್ನು ಬಿಡಲಾಗುತ್ತಿಲ್ಲ. ಅವಳು ಹೋದಳು ಅನ್ನುವ ನೆಮ್ಮದಿ ಒಂದು ವಾರ ಇತ್ತು. ಅದು ನನಗೆ ಬರಬೇಕಿತ್ತು ಅನ್ನುವ ಉರಿ ವರ್ಷಗಟ್ಟಲೆ ಇತ್ತು.

ಭೀಮುನಿಪಟ್ಟಣದ ದಂಪತಿ ಬಂದದ್ದು ಅದಾದ ಮೂರನೇ ವರ್ಷ. ನಾವೆಲ್ಲ ಆ ಊರನ್ನು ಭೀಮಿಲಿ ಅನ್ನುವುದು. ಹೆಂಡತಿ ಎಲೆನ್ ಅಮೆರಿಕದವಳು, ಅಲ್ಲಿನ ಒಂದು ಪುಸ್ತಕದ ಕಂಪನಿಗೆ ಮನೆಯಿಂದಲೇ ಶಾಲಾ ಪಾಠಗಳನ್ನು ತಿದ್ದಿಕೊಡುತ್ತಿದ್ದಳು. ಗಂಡ ರವಿ ಭೀಮಿಲಿಯಲ್ಲೇ ಹುಟ್ಟಿದವನು, ಮೀನು ದೋಣಿಗಳ ಎಂಜಿನ್ ರಿಪೇರಿ ಮಾಡುವ ವರ್ಕ್‌ಶಾಪ್ ಇಟ್ಟಿದ್ದ. ಆರು ವರ್ಷದ ಒಬ್ಬಳು ಮಗಳು. ನಮ್ಮ ಫಾರಂ ಪ್ರಕಾರ ಪರದೇಶಿ ಅಂದರೆ ಭೀಮಿಲಿಯ ರವಿಯೇ.

ಅವರು ದುರ್ಗಮ್ಮನ ದರ್ಶನಕ್ಕೆಂದು ವಿಜಯವಾಡಕ್ಕೆ ಹೋಗಿದ್ದಾಗ ಯಾರೋ ಹೇಳಿ ಪದ್ಮಜಾಳನ್ನು ಕಂಡಿದ್ದರು. ಭೀಮಿಲಿಗೆ ವಿಶಾಖವೇ ಹತ್ತಿರ ಅಂತ ಅವಳು ಫೈಲನ್ನು ನಮ್ಮ ಆಫೀಸಿಗೆ ಕಳಿಸಿದಳು. ತೆರೆದರೆ ಮೇಲೆಯೇ ಅವಳ ದುಂಡು ಕೈಬರಹದ ಒಂದು ಹಾಳೆ: "ಅಕ್ಕಾ, ಜಂಟಿ ಹಾಕಿದರೆ ತೆರಿಗೆ ಕಡಿಮೆ ಕಾಣುತ್ತದೆ. ಆದರೆ ರವಿಯವರಿಗೆ ಪೆಂಡುರ್ತಿಯ ಆಚೆ ಹಳ್ಳಿಯಲ್ಲಿ ಅಪ್ಪನ ಹೊಲ ಇದೆ, ಅಣ್ಣತಮ್ಮಂದಿರು ಮಾರುವ ಮಾತಿನಲ್ಲಿದ್ದಾರೆ. ಹಳ್ಳಿಯ ಹೊಲ ಮಾರಿದರೆ ಇಲ್ಲಿ ತೆರಿಗೆ ಇಲ್ಲ. ಜಂಟಿ ಹಾಕಿದರೆ ಅಮೆರಿಕದಲ್ಲಿ ಬೀಳುತ್ತದೆ. ಕೇಳಿ ನೋಡಿ ಮಾಡಿ."

ಬುದ್ಧಿವಂತಿಕೆಯ ಹಾಳೆ. ನನಗೆ ಕಂಡದ್ದು ಮಾತ್ರ ಆ ಕೊನೆಯ "ಕೇಳಿ ನೋಡಿ ಮಾಡಿ". ಇವಳು ನನಗೆ ಪಾಠ ಹೇಳುತ್ತಾಳೆ ಅಂದುಕೊಂಡೆ. ಹಾಳೆಯನ್ನು ಹರಿಯಲಿಲ್ಲ, ಅಷ್ಟು ಧೈರ್ಯ ಇರಲಿಲ್ಲ. ಫೈಲಿನ ಎಲ್ಲಕ್ಕಿಂತ ಹಿಂದೆ, ಮಗುವಿನ ಜನನ ಪತ್ರದ ನಕಲಿನ ಬೆನ್ನಿಗೆ ಪಿನ್ ಹಾಕಿ ಇಟ್ಟೆ.

ದಂಪತಿ ಬಂದು ಕೂತರು. ನಾನು ಎರಡೂ ಲೆಕ್ಕ ತೋರಿಸಿದೆ. ರವಿಗೆ, "ನಿಮ್ಮ ಆದಾಯ?" ಅಂದೆ.

"ವರ್ಕ್‌ಶಾಪ್ ಮೇಡಂ. ಮನೆಯೆಲ್ಲ ಅದರಿಂದಲೇ ನಡೆಯುತ್ತದೆ," ಅಂದ, ಎದೆ ಸ್ವಲ್ಪ ಮುಂದೆ ಮಾಡಿ. ಎಲೆನ್ ಕಿಟಕಿಯ ಕಡೆ ನೋಡಿದಳು.

"ಬೇರೆ ಏನಾದರೂ?" ಅನ್ನುವುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದು ಪದ್ಮಜಾಳ ಪ್ರಶ್ನೆ. ನುಂಗಿಕೊಂಡೆ. ಜಂಟಿಗೆ ಸಹಿ ಹಾಕಿಸಿದೆ, ರವಿಗೆ ಅಮೆರಿಕದ ತೆರಿಗೆ ನಂಬರಿಗೂ ಅರ್ಜಿ ಕಳಿಸಿದೆ. ಒಂದೇ ವಾರದಲ್ಲಿ ಕೆಲಸ ಮುಗಿಯಿತು. ಎಲೆನ್ ನನ್ನ ಕೈ ಹಿಡಿದುಕೊಂಡು, "ವಿಜಯವಾಡದಲ್ಲಿ ತುಂಬಾ ಪ್ರಶ್ನೆ ಕೇಳಿದರು. ನೀವು ಎಷ್ಟು ಬೇಗ ಮಾಡಿದಿರಿ!" ಅಂದಳು. ಆ ಮಾತನ್ನು ಮನೆಗೆ ಬಂದು ನಮ್ಮವರಿಗೆ ಎರಡು ಸಲ ಹೇಳಿದೆ.

ಮುಂದಿನ ಫೆಬ್ರವರಿಯಲ್ಲಿ ಅವರು ಮತ್ತೆ ಬಂದರು. ರವಿಯ ಮುಖ ಅರಳಿತ್ತು. "ಮೇಡಂ, ದಸರಾ ಮುಗಿದ ಮೇಲೆ ಹೊಲದ ರಿಜಿಸ್ಟ್ರೇಷನ್ ಆಯಿತು. ನನ್ನ ಪಾಲಿಗೆ ಬಂದ ಹಣದಲ್ಲಿ ವರ್ಕ್‌ಶಾಪ್ ಇರುವ ಜಾಗವನ್ನೇ ಕೊಂಡುಕೊಳ್ಳುತ್ತೇನೆ. ಮಾತಾಡಿ ಆಗಿದೆ."

ಜಂಟಿ ಇರುವ ತನಕ ಆ ಹಣ ಅಮೆರಿಕದ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿ ತೆರಿಗೆ ಕಟ್ಟಿದ್ದರೆ ಅಲ್ಲಿ ಅಷ್ಟನ್ನು ವಜಾ ಕೇಳಬಹುದಿತ್ತು. ಇಲ್ಲಿ ಕಟ್ಟುವುದೇ ಇಲ್ಲ, ವಜಾ ಎಲ್ಲಿಂದ? "ನೋಡಿ ಹೇಳುತ್ತೇನೆ" ಎಂದು ಕಳಿಸಿದೆ.

ಆಮೇಲಿನ ಹತ್ತು ದಿನ ನಾನು ಮಾಡಿದ್ದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಒಂದು ಫೋನ್ ಸಾಕಿತ್ತು, ಮಾಡಲಿಲ್ಲ. ನಿಯಮದ ಪುಟಗಳನ್ನು ಮನೆಗೆ ಒಯ್ದು ಓದಿದೆ. ಜಂಟಿಯನ್ನು ವಾಪಸ್ ಪಡೆಯಬಹುದು, ಗಡುವಿನೊಳಗೆ ತಿಳಿಸಬೇಕು ಅನ್ನುವುದು ಸಿಕ್ಕಿತು. ಆದರೆ ವಾಪಸ್ ಪಡೆದರೆ ಎಲೆನ್ ಬೇರೆಯಾಗಿ ಹಾಕಬೇಕು, ಅದು ಎಲ್ಲಕ್ಕಿಂತ ದುಬಾರಿ ದರ. ಒಂದು ಕಡೆ ಗಂಡನಿಗೆ ಪೆಟ್ಟು, ಇನ್ನೊಂದು ಕಡೆ ಹೆಂಡತಿಗೆ. ಮೂರನೇ ದಾರಿ ನನಗೆ ಕಾಣಲಿಲ್ಲ. ಪದ್ಮಜಾಳಿಗೆ ಕಾಣುತ್ತದೆ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಹನ್ನೊಂದನೇ ದಿನ ಎಲೆನ್ ನೇರವಾಗಿ ಸರ್‌ಗೆ ಫೋನ್ ಮಾಡಿದಳು. ಸರ್ ಫೈಲ್ ತರಿಸಿ ನೋಡಿ ನನ್ನನ್ನು ಏನೂ ಕೇಳಲಿಲ್ಲ. ವಿಜಯವಾಡಕ್ಕೆ ಫೋನ್ ಮಾಡಿದರು. ಮರುದಿನ ಬೆಳಗಿನ ರೈಲಿಗೆ ಹೊರಟು ಪದ್ಮಜಾ ಮಧ್ಯಾಹ್ನ ಬಂದಳು.

ಕ್ಯಾಬಿನ್ನಿನಲ್ಲಿ ಐದು ಜನ. ಸರ್, ದಂಪತಿ, ಪದ್ಮಜಾ, ನಾನು. ಸರ್ ಮೊದಲು ಕೇಳಿದ್ದು ಇದನ್ನೇ: "ಜಂಟಿ ಹಾಕುವ ಮೊದಲು ಹೊಲದ ವಿಚಾರ ಯಾರೂ ಕೇಳಲಿಲ್ಲವಾ?"

ಪದ್ಮಜಾ ನನ್ನತ್ತ ನೋಡಿದಳು. ನಾನು ಮೇಜಿನ ಗಾಜನ್ನು ನೋಡುತ್ತ ಕೂತೆ. ಅವಳು ಸರ್ ಕಡೆ ತಿರುಗಿ ಹೇಳಿದಳು: "ನಾನು ಫೈಲಿಗೆ ನೋಟ್ ಹಾಕುವುದನ್ನು ಮರೆತಿರಬೇಕು ಸರ್."

ನನ್ನನ್ನು ಉಳಿಸಲು ಹೇಳಿದ ಮಾತು. ಕೃತಜ್ಞತೆ ಬರಬೇಕಿತ್ತು. ಈ ದೊಡ್ಡತನವೂ ಇವಳ ಪಾಲಿಗೇ ಹೋಗಬೇಕೇ ಅನ್ನಿಸಿ ಮೈಯೆಲ್ಲ ಉರಿಯಿತು.

ಪದ್ಮಜಾ ದಂಪತಿಯ ಕಡೆ ತಿರುಗಿದಳು. "ಜಂಟಿಯನ್ನು ಈಗಲೇ ವಾಪಸ್ ಪಡೆಯೋಣ, ಗಡುವಿಗೆ ಇನ್ನೂ ಸಮಯವಿದೆ. ರವಿಗಾರು, ಆಗ ನಿಮ್ಮ ಹೊಲಕ್ಕೂ ಅಮೆರಿಕಕ್ಕೂ ಸಂಬಂಧ ಇರುವುದಿಲ್ಲ. ಆದರೆ ಜಂಟಿ ಮತ್ತೆ ಎಂದೂ ಸಿಗುವುದಿಲ್ಲ, ಅದು ನೆನಪಿರಲಿ. ಎಲೆನ್‌ಗೆ ಇನ್ನೊಂದು ದಾರಿ ಇದೆ. ಮಗು ಜತೆಗಿದೆ, ಗಂಡ ಅಮೆರಿಕದ ನಿವಾಸಿಯಲ್ಲ. ಅಂಥವರು ಕುಟುಂಬದ ಯಜಮಾನಿ ಎಂದು ಹಾಕಬಹುದು. ಆ ದರ ಅಷ್ಟು ಭಾರವಲ್ಲ." ರವಿಯ ಕಡೆ ನೋಡಿ ಹೇಳಿದಳು: "ಅದಕ್ಕೆ ಒಂದು ಷರತ್ತಿದೆ. ಮನೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಎಲೆನ್ ಅವರದೇ ಆಗಿರಬೇಕು. ಸುಳ್ಳು ಬರೆಯಲು ಆಗುವುದಿಲ್ಲ. ಮನೆ ಯಾರ ದುಡ್ಡಿನಲ್ಲಿ ನಡೆಯುತ್ತದೆ?"

ಎಲೆನ್ ಗಂಡನ ಮುಖ ನೋಡಿದಳು. ರವಿಯ ಕೈ ಮೇಜಿನ ಮೇಲಿತ್ತು. ಉಗುರಿನ ಸಂದಿಯಲ್ಲಿ ಎಂಜಿನ್ ಎಣ್ಣೆಯ ಕಪ್ಪು. ಅವನು ಆ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಬಾಡಿಗೆ ಆಕೆಯದು," ಅಂದ. "ಮಗುವಿನ ಶಾಲೆ, ದಿನಸಿ, ಕರೆಂಟು, ಎಲ್ಲ ಆಕೆಯದೇ. ವರ್ಕ್‌ಶಾಪ್‌ನಲ್ಲಿ ಬಂದದ್ದು ವರ್ಕ್‌ಶಾಪ್‌ಗೇ ಸಾಲುವುದಿಲ್ಲ. ಹೋದ ವರ್ಷ ಈ ಮೇಡಂ ಹತ್ತಿರ ನಾನು ಹೇಳಿದ್ದು ಸುಳ್ಳು."

ಒಬ್ಬ ಗಂಡಸು ನಾಲ್ವರ ಎದುರು, ಅದರಲ್ಲಿ ಮೂವರು ಹೆಂಗಸರು, ಅಷ್ಟು ಹೇಳಿದ. ನಾನು ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವಳು. ಇನ್ನು ಗಾಜು ನೋಡುತ್ತ ಕೂರಲು ಆಗಲಿಲ್ಲ.

"ಸರ್, ನೋಟ್ ಇತ್ತು," ಅಂದೆ. "ಪದ್ಮಜಾ ಹಾಕಿದ್ದಳು. ನಾನು ನೋಡಿದ್ದೆ. ಕಣ್ತಪ್ಪಿ ಹಿಂದೆ ಸೇರಿಹೋಯಿತು."

ಅರ್ಧ ನಿಜ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಎಲೆನ್ ಹೇಳಿದಳು: "ಮುಂದಿನ ವರ್ಷದಿಂದ ನಾವು ವಿಜಯವಾಡಕ್ಕೇ ಹೋಗುತ್ತೇವೆ."

ಕೆಲಸ ಪದ್ಮಜಾ ಹೇಳಿದಂತೆಯೇ ಆಯಿತು. ಗಡುವಿಗೆ ಮೊದಲೇ ಜಂಟಿಯನ್ನು ವಾಪಸ್ ಪಡೆದರು, ಎಲೆನ್ ಯಜಮಾನಿಯೆಂದು ರಿಟರ್ನ್ ಹಾಕಿದಳು, ರವಿ ವರ್ಕ್‌ಶಾಪ್ ಜಾಗ ಕೊಂಡ. ಅವರಿಗೆ ಹೋದದ್ದು ಜಂಟಿಯ ಅವಕಾಶ. ಹೊಲ ಮಾರಿದ ಮರುವರ್ಷದಿಂದ ಶುರುಮಾಡಿದ್ದರೆ ಅದು ಬಾಳಿನುದ್ದಕ್ಕೂ ಇರುತ್ತಿತ್ತು. ನಾನು ಅದನ್ನು ಮೊದಲೇ ಖರ್ಚು ಮಾಡಿಸಿಬಿಟ್ಟಿದ್ದೆ.

ಪರದೇಶದ ಸಂಗಾತಿಯಿರುವವರ ಫೈಲುಗಳನ್ನೆಲ್ಲ ಸರ್ ವಿಜಯವಾಡಕ್ಕೆ ಹಾಕಿದರು. ಒಯ್ದುಕೊಟ್ಟು, ಒಂದು ವಾರ ಅಲ್ಲಿದ್ದು ಒಪ್ಪಿಸಿ ಬರುವ ಕೆಲಸ ನನ್ನದೇ ಆಯಿತು. ಶಿಕ್ಷೆಯೋ ಪಾಠವೋ ಸರ್ ಹೇಳಲಿಲ್ಲ. ಆ ವಾರ ಪದ್ಮಜಾಳ ಪಕ್ಕದ ಕುರ್ಚಿಯಲ್ಲಿ ಕೂತು ಅವಳು ಹೇಗೆ ಕೇಳುತ್ತಾಳೆ ಅನ್ನುವುದನ್ನು ಮೊದಲ ಸಲ ಸರಿಯಾಗಿ ಕೇಳಿದೆ. ಹರಟೆ ಅಂದುಕೊಂಡಿದ್ದೆನಲ್ಲ, ಅದರಲ್ಲಿ ಒಂದು ಮಾತೂ ವ್ಯರ್ಥ ಇರಲಿಲ್ಲ. "ಅಮ್ಮ ಅಪ್ಪ ಚೆನ್ನಾಗಿದ್ದಾರಾ?" ಅಂದರೆ ಪಿತ್ರಾರ್ಜಿತದ ಸುದ್ದಿ ತಾನಾಗಿ ಬರುತ್ತಿತ್ತು. "ಮಗುವನ್ನು ಯಾವ ಶಾಲೆಗೆ ಹಾಕುತ್ತೀರಿ?" ಅಂದರೆ ಯಾವ ದೇಶದಲ್ಲಿ ನಿಲ್ಲುತ್ತಾರೆ ಅನ್ನುವುದು ತಿಳಿಯುತ್ತಿತ್ತು. ಹೊಸಬರು ಇದನ್ನು ಕಲಿಯಿರಿ. ಬಾಕ್ಸು ತುಂಬುವುದನ್ನು ಕಂಪ್ಯೂಟರ್ ನಿಮಗಿಂತ ಚೆನ್ನಾಗಿ ಮಾಡುತ್ತದೆ.

ಶುಕ್ರವಾರ ಅವಳು ನನ್ನನ್ನು ಇಂದ್ರಕೀಲಾದ್ರಿ ಬೆಟ್ಟದ ದುರ್ಗಮ್ಮನ ಗುಡಿಗೆ ಕರೆದುಕೊಂಡು ಹೋದಳು. ಸಾಲಿನಲ್ಲಿ ಎರಡು ಗಂಟೆ ನಿಂತೆವು. ಕೆಳಗೆ ಕೃಷ್ಣೆ ಬಿಸಿಲಿಗೆ ಹೊಳೆಯುತ್ತಿತ್ತು. ನನಗೆ ಕಾಲುನೋವು ಅಂತ ಅವಳು ಎಲ್ಲಿಂದಲೋ ಮಜ್ಜಿಗೆ ತಂದುಕೊಟ್ಟಳು. ಅಮ್ಮನ ಎದುರು ನಿಂತಾಗ ನಾನು ಬೇಡಿಕೊಂಡದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಇವಳ ಫೈಲಿನಲ್ಲೂ ಒಂದು ತಪ್ಪು ಸಿಗಲಿ ತಾಯಿ, ಒಂದೇ ಒಂದು. ಶನಿವಾರ ಅವಳ ಹಳೆಯ ಫೈಲುಗಳನ್ನು ಸಂಜೆಯವರೆಗೆ ತಿರುವಿದೆ. ಸಿಗಲಿಲ್ಲ.

ಹೊರಡುವ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಅವಳು ಕೇಳಿದಳು: "ಅಕ್ಕಾ, ನಿಜವಾಗಲೂ ಕಣ್ತಪ್ಪೇನಾ?"

"ಹೌದು," ಅಂದೆ.

"ಸರಿ," ಅಂದಳು. ರೈಲು ಹೊರಡುವವರೆಗೆ ನಿಂತಿದ್ದಳು.

ಅದಾಗಿ ಮೂರು ವರ್ಷಕ್ಕೆ ನಾನು ನಿವೃತ್ತಳಾದೆ. ಆ ಮೂರು ವರ್ಷ ಎಲೆನ್ ಮತ್ತು ರವಿ ನಮ್ಮ ಆಫೀಸಿನ ಮುಂದೆಯೇ ಬಸ್ಸಿಳಿದು ಸ್ಟೇಷನ್ನಿಗೆ ಹೋಗಿ ವಿಜಯವಾಡದ ರೈಲು ಹತ್ತುತ್ತಿದ್ದರಂತೆ. ಒಂದು ಸಲವೂ ಮೇಲೆ ಬರಲಿಲ್ಲ.

ಹೋದ ತಿಂಗಳು ನಮ್ಮವರ ನೆಂಟರ ಗೃಹಪ್ರವೇಶಕ್ಕೆ ಭೀಮಿಲಿಗೆ ಹೋಗಿದ್ದೆ. ಊಟ ಮುಗಿಸಿ ಕಡಲ ಕಡೆ ನಡೆದರೆ ರವಿಯ ವರ್ಕ್‌ಶಾಪ್ ಎದುರಾಯಿತು. ತಿರುಗಿ ಹೋಗೋಣ ಅನ್ನುವಷ್ಟರಲ್ಲಿ ಅವನೇ ಕಂಡ. "ಅಮ್ಮಾ, ಬನ್ನಿ" ಎಂದು ಸ್ಟೂಲು ಒರೆಸಿ ಹಾಕಿದ. ಜಾಗ ಈಗ ಅವನದೇ, ತಗಡಿನ ಮಾಡು ಹೊಸದು. ಕೆಲಸದ ಸುದ್ದಿ, ಮಗಳ ಸುದ್ದಿ ಹೇಳಿದ. ಆಮೇಲೆ ಸ್ಪ್ಯಾನರ್ ಕೆಳಗಿಟ್ಟು ತಾನಾಗಿಯೇ ಹೇಳಿದ: "ಆ ದಿನ ನಿಮ್ಮೆಲ್ಲರ ಮುಂದೆ ಹೇಳಬೇಕಾಗಿ ಬಂದದ್ದಕ್ಕೆ ಎರಡು ತಿಂಗಳು ಮನೆಯಲ್ಲಿ ತಲೆ ಎತ್ತಿ ಮಾತಾಡಿರಲಿಲ್ಲ ಅಮ್ಮಾ. ಅವಳು ದುಡಿಯುತ್ತಾಳೆ ಅಂತ ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು. ಕಟ್ಟಿಕೊಂಡ ಹೆಂಡತಿಯ ಮೇಲೆ! ಒಂದು ದಿನ ಅವಳಿಗೇ ಹೇಳಿಬಿಟ್ಟೆ. ಆಮೇಲೆ ಊಟ ರುಚಿಸಿತು."

ಅಷ್ಟರಲ್ಲಿ ಎಲೆನ್ ಮಗಳನ್ನು ಶಾಲೆಯಿಂದ ಕರೆದುಕೊಂಡು ಬಂದಳು. ನನ್ನನ್ನು ನೋಡಿ ನಿಂತಳು, ನಗಲಿಲ್ಲ. ಈಗ ಅವಳ ತೆಲುಗು ಚೆನ್ನಾಗಿದೆ. ನೇರ ಕೇಳಿದಳು: "ಆ ಹಾಳೆ ನೋಡಿದ್ದೆ ಅಂದಿರಿ. ಹಾಗಾದರೆ ನಮ್ಮನ್ನು ಯಾಕೆ ಕೇಳಲಿಲ್ಲ?"

ಕಣ್ತಪ್ಪು ಅನ್ನುವ ಮಾತು ಬಾಯಿಗೆ ಬಂತು. ರವಿ ನನ್ನನ್ನೇ ನೋಡುತ್ತಿದ್ದ.

"ಪದ್ಮಜಾಳ ಮೇಲಿನ ಹೊಟ್ಟೆಕಿಚ್ಚಿಗೆ," ಅಂದೆ. "ಅವಳು ಹೇಳಿದ್ದನ್ನು ನಾನು ಮಾಡಬಾರದು ಅಂತ. ಹಾಳೆಯನ್ನು ಬೇಕೆಂದೇ ಹಿಂದೆ ಹಾಕಿದೆ."

"ಅದು ಕಣ್ತಪ್ಪಿಗಿಂತ ಕೆಟ್ಟದ್ದು," ಅಂದಳು ಎಲೆನ್.

"ಹೌದಮ್ಮಾ," ಅಂದೆ.

ಅವಳು ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಮಗಳ ಚೀಲ ಎತ್ತಿಕೊಂಡು ಒಳಗೆ ಹೋದಳು. ರವಿ ಬಸ್ ನಿಲ್ದಾಣದವರೆಗೆ ಬಂದು ಹತ್ತಿಸಿದ.

ಬಸ್ಸಿನಲ್ಲಿ ಕೂತು ಪದ್ಮಜಾಳಿಗೆ ಫೋನ್ ಮಾಡಿದೆ. ಅದೇ ಮಾತನ್ನು ಅವಳಿಗೂ ಹೇಳಿದೆ, ದುರ್ಗಮ್ಮನ ಹತ್ತಿರ ಬೇಡಿದ್ದನ್ನೂ ಸೇರಿಸಿ.

"ಗೊತ್ತಿತ್ತು ಅಕ್ಕಾ," ಅಂದಳು. "ಬೇಡಿಕೊಂಡದ್ದು ಗೊತ್ತಿರಲಿಲ್ಲ." ಆಮೇಲೆ ನಕ್ಕಳು. ಅದು ಪೂರಾ ನಗೆಯಾಗಿರಲಿಲ್ಲ. "ನನಗೆ ತುಂಬಾ ಕೋಪ ಇತ್ತು. ಈಗಲೂ ಸ್ವಲ್ಪ ಇದೆ. ಇರಲಿ ಬಿಡಿ. ಇವತ್ತು ನಾನೇ ನಿಮಗೆ ಫೋನ್ ಮಾಡಬೇಕು ಅಂದುಕೊಂಡಿದ್ದೆ. ಅಮೆರಿಕದ ಪರವಾನಗಿ ಪರೀಕ್ಷೆ ಬರೆದಿದ್ದೆ, ಬೆಳಿಗ್ಗೆ ಫಲಿತಾಂಶ ಬಂತು. ಪಾಸಾಯಿತು ಅಕ್ಕಾ, ಮೊದಲನೇ ಸಲಕ್ಕೇ."

ಆ ಪರೀಕ್ಷೆಯನ್ನು ನಾನು ಎರಡು ಸಲ ಬರೆದು, ಎರಡೂ ಸಲ ಫೇಲಾಗಿ, ಯಾರಿಗೂ ಹೇಳದೆ ಬಿಟ್ಟವಳು. ಕಿಟಕಿಯಾಚೆ ಕಡಲು ಓಡುತ್ತಿತ್ತು.

"ತುಂಬಾ ಸಂತೋಷ ಕಣೇ," ಅಂದೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ನಿಜ.